ಗುಡ್ಡದ ಜಮೀನಿಗೆ ಮೆಟ್ಟಿಲೋ, ಕಂದಕವೋ, ಹುಲ್ಲಿನ ಸಾಲೋ: ಪುಣೆಯ ಪಶ್ಚಿಮಕ್ಕೆ ನೆಲ ಮಾಡಿಕೊಂಡವರಿಗೆ ಒಂದು ಹೋಲಿಕೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮುಳಶಿ, ಮಾವಳ, ಭೋರ್, ವೆಲ್ಹೆಯ ಕಡೆ ಒಂದೆರಡು ಎಕರೆ ಗುಡ್ಡದ ಜಮೀನು ಮಾಡಿಕೊಂಡವರು ಈಗ ಅಪರೂಪವಲ್ಲ. ನೆಲ ಕೈಗೆ ಬಂದ ಮೊದಲ ಬೇಸಿಗೆಯಲ್ಲೇ ಅದನ್ನು ಹೇಗೆ ತಿದ್ದಬೇಕೆಂಬ ಮಾತು ಶುರುವಾಗುತ್ತದೆ, ಆಗ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ನೆನಪನ್ನೇ ಮುಂದಿಡುತ್ತಾರೆ. ಶಿರಸಿ, ಸಾಗರದ ಕಡೆಯವರಿಗೆ ಗುಡ್ಡವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ವಿಜಯಪುರ, ಬಾಗಲಕೋಟೆಯವರಿಗೆ ಇಳಿಜಾರೆಂದರೆ ಅದಕ್ಕೆ ಅಡ್ಡಲಾಗಿ ಹಾಕಿದ ಒಡ್ಡು. ಪುಣೆ ಜಿಲ್ಲೆಯ ವಿಚಿತ್ರವೆಂದರೆ ಈ ಎರಡು ನೆನಪುಗಳೂ ಇಲ್ಲಿ ಒಂದು ಕಡೆ ಸರಿ, ಇನ್ನೊಂದು ಕಡೆ ಪೂರ್ತಿ ತಪ್ಪು. ಲೋಣಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ಪುಣೆ ನಗರದಲ್ಲಿ 700 ಮಿ.ಮೀ.ನ ಆಸುಪಾಸು, ಬಾರಾಮತಿ ಮತ್ತು ಇಂದಾಪುರದ ಕಡೆ 500ರ ಸುತ್ತಮುತ್ತ. ಒಂದೇ ಜಿಲ್ಲೆಯೊಳಗೆ ಮಲೆನಾಡೂ ಬಯಲುಸೀಮೆಯೂ ಇವೆ. ಒಂದು ಕಡೆಯ ಉಪಾಯವನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗಿ ಕೆಟ್ಟವರೇ ಹೆಚ್ಚು.

ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಪಶ್ಚಿಮ ತಾಲೂಕುಗಳ ತೆಳುಮಣ್ಣಿನ ಇಳಿಜಾರುಗಳಲ್ಲಿ ಒಂದೇ ಬೇಸಿಗೆಯಲ್ಲಿ ಯಂತ್ರದಿಂದ ಮೆಟ್ಟಿಲು ಕಡಿಸುವುದು ಕಟ್ಟಕಡೆಗೆ ಯೋಚಿಸಬೇಕಾದ ದಾರಿ. ಅದಕ್ಕೆ ತಗಲುವ ಖರ್ಚು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂಬುದು.

ಅಳತೆ ಮೊದಲು

ಯಾವ ದಾರಿಯನ್ನು ಆರಿಸುವ ಮುನ್ನವೂ ಮೂರು ಸಂಗತಿಗಳು ತಿಳಿದಿರಬೇಕು. ಮೊದಲನೆಯದು ಇಳಿಜಾರಿನ ಪ್ರಮಾಣ. ಗಾರೆ ಕೆಲಸದ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಇದಕ್ಕೆ ಸಾಕು: ಮಟ್ಟವಾಗಿ ಹಿಡಿದ ಹಗ್ಗದಲ್ಲಿ ಹತ್ತು ಮೀಟರ್ ಸಾಗಿದಾಗ ನೆಲ ಎರಡೂವರೆ ಮೀಟರ್ ಇಳಿದಿದ್ದರೆ ಅದು ಶೇ. 25ರ ಇಳಿಜಾರು. ಕಣ್ಣಂದಾಜು ಇಲ್ಲಿ ನಂಬಿಕೆಗೆ ತಕ್ಕದ್ದಲ್ಲ, ಕೆಳಗೆ ನಿಂತು ನೋಡಿದರೆ ಎಲ್ಲ ಗುಡ್ಡವೂ ಕಡಿದಾಗಿಯೇ ಕಾಣುತ್ತದೆ. ಎರಡನೆಯದು ಮಣ್ಣಿನ ಆಳ. ಜಮೀನಿನ ಮೇಲ್ಭಾಗ, ನಡುಭಾಗ, ಕೆಳಭಾಗಗಳಲ್ಲಿ ಒಂದೊಂದು ಗುಂಡಿ ತೋಡಿ, ಇಲ್ಲಿಯವರು ಮುರೂಮ ಎನ್ನುವ, ನಮ್ಮ ಉತ್ತರ ಕರ್ನಾಟಕದವರು ಗರಸು ಎನ್ನುವ ಜಲ್ಲಿಮಣ್ಣಿನ ಪದರ ಎಷ್ಟು ಆಳಕ್ಕೆ ಸಿಗುತ್ತದೆಂದು ನೋಡಬೇಕು. ಮೂರನೆಯದು, ಮಳೆಯ ನೀರು ಈಗ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದೆ ಎಂಬುದು. ಇದನ್ನು ಬೇಸಿಗೆಯಲ್ಲಿ ತಿಳಿಯುವುದು ಕಷ್ಟ. ಜುಲೈ ತಿಂಗಳ ಒಂದು ಜೋರು ಮಳೆಯಲ್ಲಿ ಜಮೀನಿನಲ್ಲಿ ಅರ್ಧ ದಿನ ಅಡ್ಡಾಡಿದವರಿಗೆ ಯಾವ ನಕ್ಷೆಯೂ ಹೇಳದ ವಿಷಯ ಗೊತ್ತಾಗುತ್ತದೆ. ಅದಕ್ಕಾಗಿ ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯುವುದು ಲೇಸೆಂದು ನನ್ನ ಅಭಿಪ್ರಾಯ.

ಇಲ್ಲಿನ ಗುಡ್ಡಗಳ ಸ್ವಭಾವದ ಬಗ್ಗೆಯೂ ಒಂದು ಮಾತು. ಇಲ್ಲಿನ ಲಾವಾ ಶಿಲೆಗಿರುವ ದಖ್ಖನ್ ಟ್ರ್ಯಾಪ್ ಎಂಬ ಹೆಸರಿನಲ್ಲಿರುವ ಟ್ರ್ಯಾಪ್ ಎಂಬ ಪದ ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬ ಅರ್ಥದ ಪದದಿಂದ ಬಂದದ್ದು. ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ್ದರಿಂದ ಸಹ್ಯಾದ್ರಿಯ ಈ ಭಾಗದಲ್ಲಿ ಕಡಿದಾದ ಒಂದು ಗೋಡೆ, ಅದರ ಬುಡದಲ್ಲಿ ಚಪ್ಪಟೆಯಾದ ಒಂದು ತಟ್ಟು, ಮತ್ತೆ ಗೋಡೆ, ಮತ್ತೆ ತಟ್ಟು ಎಂಬ ರಚನೆ ತಾನಾಗಿಯೇ ಇದೆ. ಹಿಂದಿನವರು ಗದ್ದೆ ಮಾಡಿದ್ದು ಬಹುಪಾಲು ಈ ತಟ್ಟುಗಳಲ್ಲೇ. ನಡುವಿನ ಕಡಿದಾದ ಭಾಗವನ್ನು ಹುಲ್ಲಿಗೂ ಕಾಡಿಗೂ ಬಿಟ್ಟರು. ಎರಡು ಪದರಗಳು ಸೇರುವ ಕಡೆ ಮಳೆಗಾಲದಲ್ಲಿ ಒರತೆ ಜಿನುಗುವುದುಂಟು. ಅಂಥ ಜಾಗವನ್ನು ಕಡಿದು ಮೆಟ್ಟಿಲು ಮಾಡಿದರೆ ಆ ಗೋಡೆ ನಿಲ್ಲುವುದಿಲ್ಲ.

ಮೆಟ್ಟಿಲು ಗದ್ದೆ

ಮರಾಠಿಯಲ್ಲಿ ಭತ್ತದ ಮಡಿಗೆ ಖಾಚರ ಎಂದೂ, ಇಳಿಜಾರನ್ನು ಹಾಗೆ ಮಡಿಗಳಾಗಿ ತಿದ್ದುವ ಕೆಲಸಕ್ಕೆ ಮಜಗಿ ಎಂದೂ ಹೆಸರು. ಭತ್ತ ಬೆಳೆಯಲೇಬೇಕೆಂದಿದ್ದರೆ ಇದಕ್ಕೆ ಪರ್ಯಾಯವಿಲ್ಲ, ಏಕೆಂದರೆ ನಿಂತ ನೀರಿಗೆ ಸಮತಟ್ಟಾದ ನೆಲ ಬೇಕೇ ಬೇಕು. ಮುಳಶಿಯ ಆಂಬೇಮೋಹರ ಅಕ್ಕಿಗೂ ಮಾವಳದ ಇಂದ್ರಾಯಣಿ ಅಕ್ಕಿಗೂ ಇಂಥ ಮಡಿಗಳೇ ಆಧಾರ. ಮಣ್ಣು ಸಂರಕ್ಷಣೆಯ ಕೈಪಿಡಿಗಳು ಸಾಮಾನ್ಯವಾಗಿ ಶೇ. 16ರಿಂದ ಶೇ. 33ರವರೆಗಿನ ಇಳಿಜಾರಿಗೆ ಮೆಟ್ಟಿಲನ್ನು ಸೂಚಿಸುತ್ತವೆ. ಆದರೆ ಇಳಿಜಾರು ಈ ಮಿತಿಯೊಳಗಿದೆ ಎಂಬುದಷ್ಟೇ ಸಾಲದು.

ಲೆಕ್ಕವನ್ನು ಬಿಡಿಸಿ ನೋಡೋಣ. ಶೇ. 25ರ ಇಳಿಜಾರಿನಲ್ಲಿ ನಾಲ್ಕು ಮೀಟರ್ ಅಗಲದ ಮೆಟ್ಟಿಲು ಬೇಕೆಂದರೆ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಒಂದು ಮೀಟರ್ ಎತ್ತರದ ವ್ಯತ್ಯಾಸ ಬರುತ್ತದೆ. ಮೇಲಿನ ಅರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ತುಂಬುವ ಕ್ರಮದಲ್ಲಿ, ಒಳಬದಿಯಲ್ಲಿ ಅರ್ಧ ಮೀಟರ್ ಆಳಕ್ಕೆ ಕಡಿಯಬೇಕಾಗುತ್ತದೆ. ಮಣ್ಣು ಇರುವುದೇ 45 ಸೆಂ.ಮೀ. ಆಳಕ್ಕಾದರೆ ಒಳಬದಿಯಲ್ಲಿ ಬರೀ ಗರಸು ಮೇಲೆ ಬರುತ್ತದೆ. ಕಡಿದ ಮೇಲೂ ಕನಿಷ್ಠ 15ರಿಂದ 20 ಸೆಂ.ಮೀ. ಮಣ್ಣು ಉಳಿಯಲೆಂದು ಬಯಸಿದರೆ ಕಡಿತವನ್ನು 25-30 ಸೆಂ.ಮೀ.ಗೆ ನಿಲ್ಲಿಸಬೇಕು, ಆಗ ಅದೇ ಇಳಿಜಾರಿನಲ್ಲಿ ಮೆಟ್ಟಿಲಿನ ಅಗಲ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಸಿಗುತ್ತದೆ. ಅಲ್ಲಿ ಜೋಡೆತ್ತು ತಿರುಗಲೂ ಜಾಗವಿಲ್ಲ. ಅದೇ ಆಳದ ಮಣ್ಣು ಶೇ. 12ರ ಇಳಿಜಾರಿನಲ್ಲಿದ್ದರೆ ಐದು ಮೀಟರ್ ಅಗಲದ ಒಳ್ಳೆಯ ಮಡಿ ಸಿಗುತ್ತದೆ. ಎಂದರೆ ಮೆಟ್ಟಿಲು ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಗುಡ್ಡದ ಇಳಿಜಾರಿನಷ್ಟೇ ಮಣ್ಣಿನ ಆಳದ ಕೈಯೂ ಇದೆ.

ಕೆಲಸದ ಗಾತ್ರವೂ ಸಣ್ಣದಲ್ಲ. ಮೇಲಿನ ಒಂದು ಮೀಟರ್ ಎತ್ತರದ ಮೆಟ್ಟಿಲಿನ ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 1,250 ಘನ ಮೀಟರ್, ಎಕರೆಗೆ 500 ಘನ ಮೀಟರ್ ಮಣ್ಣು ಜಾಗ ಬದಲಿಸುತ್ತದೆ. ಒಬ್ಬ ಆಳು ದಿನಕ್ಕೆ ಎರಡು ಘನ ಮೀಟರ್ ಅಗೆದು ಹಾಕಿದನೆಂದುಕೊಂಡರೂ ಎಕರೆಗೆ 250 ಆಳುಗಳ ಕೆಲಸ, ಆದ್ದರಿಂದಲೇ ಎಲ್ಲರೂ ಜೆಸಿಬಿಯತ್ತ ನೋಡುತ್ತಾರೆ. ಅದು ಅಡ್ಡ ಇಳಿಜಾರಿನಲ್ಲಿ ನಿಂತು ಕೆಲಸ ಮಾಡಲಾರದು. ಮೇಲೆ ಹತ್ತಲು ಮೊದಲು ತನಗೊಂದು ದಾರಿಯನ್ನು ಕಡಿದುಕೊಳ್ಳುತ್ತದೆ. ನಮ್ಮ ಪರಿಚಯದ ಕುಟುಂಬವೊಂದು ಮುಳಶಿಯ ಕಡೆ ಮೇ ತಿಂಗಳಲ್ಲಿ ಹೀಗೆ ಮೆಟ್ಟಿಲು ಮಾಡಿಸಿತು. ಜುಲೈ ಬರುವ ಹೊತ್ತಿಗೆ ಯಂತ್ರ ಹತ್ತಿದ ದಾರಿಯೇ ಹಳ್ಳವಾಗಿ, ಮೂರು ಮೆಟ್ಟಿಲುಗಳ ತುದಿಯನ್ನು ಕೊಚ್ಚಿಕೊಂಡು ಹೋಯಿತು. ಉಳಿದ ಮೆಟ್ಟಿಲುಗಳ ಹೊರಬದಿಯಲ್ಲಿ ರಾಗಿ ಸೊಂಟದೆತ್ತರ ಬಂದರೆ ಒಳಬದಿಯಲ್ಲಿ ಗೇಣುದ್ದವೂ ಬರಲಿಲ್ಲ. ಮೇಲ್ಮಣ್ಣನ್ನು ಮೊದಲು ಕೆರೆದು ಒಂದು ಕಡೆ ರಾಶಿ ಹಾಕಿ, ಅಡಿಮಣ್ಣನ್ನು ಮಟ್ಟ ಮಾಡಿ, ಆಮೇಲೆ ಮೇಲ್ಮಣ್ಣನ್ನು ಹರಡಿದ್ದರೆ ಈ ವ್ಯತ್ಯಾಸ ಇಷ್ಟಿರುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ಅದೇ ಮಣ್ಣನ್ನು ಎರಡು ಸಲ ಎತ್ತಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವವರು ಇದಕ್ಕೆ ಒಪ್ಪುವುದು ಕಡಿಮೆ.

ಮೆಟ್ಟಿಲು ಮಾಡುವುದೇ ಎಂದು ನಿಶ್ಚಯವಾದ ಮೇಲೆ ಅದರ ತಟ್ಟು ಯಾವ ಕಡೆಗೆ ವಾಲಿರಬೇಕೆಂಬ ಪ್ರಶ್ನೆ ಬರುತ್ತದೆ. ಭತ್ತಕ್ಕೆ ಪೂರ್ತಿ ಸಮತಟ್ಟು, ಹೊರ ಅಂಚಿಗೆ ಬದು, ಹೆಚ್ಚಾದ ನೀರು ಇಳಿಯಲು ಕಲ್ಲು ಹಾಸಿದ ಕೋಡಿ. ಆದರೆ ಜೋರು ಮಳೆಯ ಸೀಮೆಯಲ್ಲಿ ತರಕಾರಿ, ಹಣ್ಣು ಅಥವಾ ರಾಗಿಗಾಗಿ ಮಾಡುವ ಮೆಟ್ಟಿಲು ಗುಡ್ಡದ ಕಡೆಗೆ ಸ್ವಲ್ಪ ಒಳವಾಲಾಗಿದ್ದು, ಒಳಬದಿಯ ಬುಡದಲ್ಲಿ ಬಸಿಗಾಲುವೆ ಇರಬೇಕು. ಆ ಕಾಲುವೆಗೆ ನೂರು ಅಡಿಗೆ ಅರ್ಧದಿಂದ ಒಂದು ಅಡಿಯಷ್ಟು ಓಟ ಕೊಟ್ಟು ನೀರನ್ನು ಗಟ್ಟಿಯಾದ ಹಳ್ಳಕ್ಕೆ ಮುಟ್ಟಿಸಬೇಕು. ಹೊರವಾಲಿನ ಮೆಟ್ಟಿಲು ಮಳೆ ಕಡಿಮೆ ಇರುವ, ನೀರು ಬೇಗ ಇಂಗುವ ನೆಲಕ್ಕೆ ಮಾತ್ರ ಸರಿ. ಗೋಡೆಯ ವಿಷಯದಲ್ಲಿ ಗಾರೆಯಿಲ್ಲದ ಕಲ್ಲುಕಟ್ಟೇ ಮೇಲು. ಬೆಟ್ಟದ ಕಡೆಗೆ ತುಸು ವಾಲಿಸಿ ಕಟ್ಟಿದ ಅಂಥ ಗೋಡೆಯ ಸಂದುಗಳಿಂದ ನೀರು ಬಸಿದು ಹೋಗುತ್ತದೆ. ಸಿಮೆಂಟ್ ಗೋಡೆಗೆ ನೀರು ಬಸಿಯುವ ತೂತುಗಳನ್ನು ಬಿಡದಿದ್ದರೆ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡಕ್ಕೆ ಅದು ಇಡಿಯಾಗಿ ಮಗುಚುತ್ತದೆ. ಕಲ್ಲಿಲ್ಲದ ಕಡೆ ಮಣ್ಣಿನ ಗೋಡೆಯನ್ನು 45 ಡಿಗ್ರಿಗೆ ಇಳಿಬಿಡಬೇಕಾಗುತ್ತದೆ. ಆಗ ಶೇ. 25ರ ಇಳಿಜಾರಿನಲ್ಲಿ ಜಮೀನಿನ ಕಾಲುಭಾಗ ಗೋಡೆಗೇ ಹೋಯಿತೆಂದು ಲೆಕ್ಕ ಹಿಡಿಯಬೇಕು.

ಕಂದಕ

ನೀರಿಂಗಿಸುವ ಕಂದಕಗಳ ಕೀರ್ತಿ ಹರಡಿದ್ದು ಅಹಿಲ್ಯಾನಗರ ಜಿಲ್ಲೆಯ, ಎಂದರೆ ಹಿಂದಿನ ಅಹ್ಮದ್‌ನಗರದ, ರಾಳೇಗಣ ಸಿದ್ಧಿ ಮತ್ತು ಹಿವರೆ ಬಜಾರ್ ಎಂಬ ಹಳ್ಳಿಗಳಿಂದ. ಗುಡ್ಡದ ಸಮಪಾತಳಿ ರೇಖೆಯುದ್ದಕ್ಕೂ, ಎಂದರೆ ಒಂದೇ ಎತ್ತರದಲ್ಲಿ ಸಾಗುವ ಗೆರೆಯುದ್ದಕ್ಕೂ, ಮುರಿಯದೆ ತೋಡುವ ಈ ಕಂದಕವನ್ನು ಮರಾಠಿಯಲ್ಲಿ ಸಲಗ ಸಮತಳ ಚರ ಎನ್ನುತ್ತಾರೆ. ಅಗೆದ ಮಣ್ಣನ್ನು ಕೆಳಬದಿಗೆ ಏರಿಯಾಗಿ ಹಾಕಿ ಅದರ ಮೇಲೆ ಗಿಡ ನೆಡುವುದು ಕ್ರಮ. 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಕಂದಕವನ್ನು ಹತ್ತು ಮೀಟರಿಗೊಂದರಂತೆ ತೆಗೆದರೆ ಹೆಕ್ಟೇರಿಗೆ 270 ಘನ ಮೀಟರ್ ಅಗೆತ. ಮೆಟ್ಟಿಲಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು.

ಅದು ಹಿಡಿಯುವ ನೀರೂ ಅಷ್ಟೇ: ಆ ಹೆಕ್ಟೇರಿನ ಮೇಲೆ ಹರಿದ 27 ಮಿ.ಮೀ. ಮಳೆ. ವರ್ಷಕ್ಕೆ 400 ಮಿ.ಮೀ. ಬೀಳುವ ಹಿವರೆ ಬಜಾರಿನಂಥ ಊರಿಗೆ ಇದು ಬಂಗಾರ, ಅಲ್ಲಿ ಒಂದೊಂದು ಮಳೆಯನ್ನೂ ಕಂದಕ ಬಹುಪಾಲು ಒಳಗೇ ಇಟ್ಟುಕೊಳ್ಳುತ್ತದೆ. ಘಟ್ಟದ ಅಂಚಿನಲ್ಲಿ ಒಂದೇ ದಿನಕ್ಕೆ 150-200 ಮಿ.ಮೀ. ಸುರಿಯುವಾಗ ಅದೇ ಕಂದಕ ಬೆಳಗ್ಗೆಯೇ ತುಂಬಿ, ಏರಿಯ ಎಲ್ಲಿ ತಗ್ಗೋ ಅಲ್ಲಿ ಒಡೆದು, ಉದ್ದಕ್ಕೂ ಕೂಡಿಟ್ಟ ನೀರನ್ನು ಒಂದೇ ಬಾಯಿಂದ ಕೆಳಗೆ ಬಿಡುತ್ತದೆ. ಕಂದಕವಿಲ್ಲದಿದ್ದರೆ ಹರಡಿಕೊಂಡು ಹೋಗುತ್ತಿದ್ದ ನೀರು ಕಂದಕದಿಂದಾಗಿ ಕೊರಕಲು ತೆಗೆಯುತ್ತದೆ. ಪಶ್ಚಿಮ ತಾಲೂಕುಗಳಲ್ಲಿ ಕಂದಕ ಬೇಕೆನಿಸಿದರೆ ತುಂಡು ತುಂಡಾಗಿ, ಒಂದು ಸಾಲಿನ ಖಾಲಿ ಜಾಗದ ಕೆಳಗೆ ಮುಂದಿನ ಸಾಲಿನ ತುಂಡು ಬರುವಂತೆ ತೆಗೆಸಬೇಕು. ತುಂಬಿದ ನೀರು ಅಲ್ಲಲ್ಲಿ ಚದುರಿ ಹೋಗುತ್ತದೆ. ಪುಣೆಯ ಪೂರ್ವಕ್ಕೆ, ಪುರಂದರದ ಒಣಗುಡ್ಡಗಳಿಂದ ಆಚೆಗೆ ಜಮೀನಿರುವವರು ಮಾತ್ರ ಸಲಗ ಕಂದಕವನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಬಹುದು. ಕಂದಕ ಉಳುವ ನೆಲಕ್ಕಲ್ಲ, ಮರಗಿಡಗಳ ನೆಲಕ್ಕೆ ಎಂಬುದನ್ನೂ ಮರೆಯಬಾರದು.

ಒಡ್ಡು

ಸಮಪಾತಳಿ ಒಡ್ಡಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ನಂತರ ಸೊಲ್ಲಾಪುರದಲ್ಲೂ ಆಗ ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರದಲ್ಲೂ ಈ ಒಡ್ಡುಗಳು ದೊಡ್ಡ ಪ್ರಮಾಣದಲ್ಲಿ ಬಂದವು. ಅವು ಶೇ. 2ರಿಂದ 6ರ ಇಳಿಜಾರಿಗೆ, 600-700 ಮಿ.ಮೀ.ಗಿಂತ ಕಡಿಮೆ ಮಳೆಗೆ, ನೀರು ಇಂಗುವ ಮಣ್ಣಿಗೆ ಹೇಳಿ ಮಾಡಿಸಿದವು. ಬಿರುಕು ಬಿಡುವ ಆಳವಾದ ಎರೆಭೂಮಿಯಲ್ಲೇ ಅವು ಒಡೆಯುತ್ತವೆ. ಇನ್ನು ಮುಳಶಿಯ ಇಳಿಜಾರಿನಲ್ಲಿ ಅವಕ್ಕೆ ಕೆಲಸವಿಲ್ಲ.

ಹುಲ್ಲಿನ ಸಾಲು, ಕಲ್ಲಿನ ಸಾಲು

ನನ್ನ ಒಲವಿರುವುದು ಇಲ್ಲಿ. ಸಮಪಾತಳಿ ರೇಖೆಯ ಮೇಲೆ ಲಾವಂಚದ ಒತ್ತಾದ ಸಾಲನ್ನು ನೆಟ್ಟು, ಎರಡು ಸಾಲುಗಳ ನಡುವಿನ ಪಟ್ಟಿಯನ್ನು ಅಡ್ಡಡ್ಡವಾಗಿ ಮಾತ್ರ ಉಳುತ್ತ ಬಂದರೆ, ಮೇಲಿನಿಂದ ಜಾರಿ ಬಂದ ಮಣ್ಣು ಸಾಲಿನ ಹಿಂದೆ ನಿಲ್ಲುತ್ತದೆ. ಪ್ರತಿ ಉಳುಮೆಯಲ್ಲೂ ಮಣ್ಣು ತುಸು ಕೆಳಕ್ಕೆ ಸರಿಯುವುದರಿಂದ ಪಟ್ಟಿಯ ಮೇಲ್ತುದಿ ತಗ್ಗುತ್ತದೆ, ಕೆಳತುದಿ ಏರುತ್ತದೆ. ಕೆಲವು ವರ್ಷಗಳಲ್ಲಿ ಯಾರೂ ಕಡಿಯದ ಮೆಟ್ಟಿಲು ತಾನಾಗಿ ಮೂಡುತ್ತದೆ. ಬದಲಾವಣೆ ನಿಧಾನವಾದ್ದರಿಂದ ಗೊಬ್ಬರ ಹಾಕುತ್ತ ಮೇಲ್ತುದಿಯ ಫಲವತ್ತನ್ನೂ ಕಾಯ್ದುಕೊಳ್ಳಬಹುದು. ರೇಖೆ ಎಲ್ಲಾದರೂ ತಪ್ಪಿದ್ದರೆ ಮರುವರ್ಷ ಹುಲ್ಲನ್ನು ಕಿತ್ತು ಸರಿಯಾದ ಜಾಗದಲ್ಲಿ ನೆಡಬಹುದು, ಕಡಿದ ಗುಡ್ಡಕ್ಕೆ ಆ ಅವಕಾಶವಿಲ್ಲ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಯೋಜನೆಗಳ ಮೂಲಕ ಲಾವಂಚದ ಸಾಲುಗಳಿಗೆ ಪ್ರಚಾರ ಸಿಕ್ಕಿದಾಗ, ಮೈಸೂರು ಸೀಮೆಯ ಗುಂಡ್ಲುಪೇಟೆಯ ರೈತರು ಅದನ್ನು ಆಗಲೇ ತಲೆಮಾರುಗಳಿಂದ ಹೊಲದ ಅಂಚಿಗೆ ನೆಟ್ಟುಕೊಂಡಿದ್ದರೆಂಬುದೂ ಬೆಳಕಿಗೆ ಬಂತು. ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ, ಅನುಕೂಲವಾದ ಮಣ್ಣಿನಲ್ಲಿ ಮೂರು ಮೀಟರಿನವರೆಗೂ ಇಳಿಯುವುದರಿಂದ ಪಕ್ಕದ ಬೆಳೆಗೆ ಅಷ್ಟಾಗಿ ತೊಂದರೆಯಿಲ್ಲ. ದಕ್ಷಿಣ ಭಾರತದ ತಳಿ ಬೀಜದಿಂದ ಹರಡಿ ಕಳೆಯಾಗುವುದಿಲ್ಲ. ಬಲಿತ ಎಲೆಯನ್ನು ದನಗಳು ಅಷ್ಟಾಗಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಸಹ್ಯಾದ್ರಿಯ ಹುಲ್ಲುಗಾವಲಿಗೆ ಬೀಳುವ ಬೆಂಕಿ, ಇಲ್ಲಿಯವರ ಮಾತಿನಲ್ಲಿ ವಣವಾ, ಮೇಲಿನ ಎಲೆಯನ್ನು ಸುಟ್ಟರೂ ಬುಡ ಮಣ್ಣೊಳಗಿರುವುದರಿಂದ ಮಳೆಗೆ ಮತ್ತೆ ಚಿಗುರುತ್ತದೆ. ಒಂದು ಎಚ್ಚರಿಕೆ: ಸುವಾಸನೆಯ ಬೇರಿಗೆ ಬೆಲೆ ಬರುತ್ತದೆಂದು ಇದೇ ಸಾಲನ್ನು ಅಗೆದು ಮಾರಲು ಹೋದರೆ ಮಣ್ಣೂ ಅದರ ಜೊತೆಗೇ ಹೋಗುತ್ತದೆ. ಎರಡೂ ಲಾಭ ಬೇಕೆನ್ನುವವರು ಬೇರಿಗಾಗಿ ಬೇರೆ ಮಡಿಯನ್ನೇ ಮಾಡಿಕೊಳ್ಳಬೇಕು.

ಶೇ. 25ರ ಇಳಿಜಾರಿನಲ್ಲಿ ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಇಳಿತ ಇಟ್ಟುಕೊಂಡರೆ ಆರು ಮೀಟರಿಗೊಂದು ಸಾಲು, ಎಕರೆಗೆ ಸುಮಾರು 675 ಮೀಟರ್ ಉದ್ದ ಆಗುತ್ತದೆ. 15 ಸೆಂ.ಮೀ.ಗೊಂದರಂತೆ ನೆಟ್ಟರೆ 4,500 ಸಸಿ, 10 ಸೆಂ.ಮೀ.ಗಾದರೆ 6,700ರಷ್ಟು. ಇಷ್ಟನ್ನು ಒಮ್ಮೆಗೇ ಕೊಳ್ಳುವ ಬದಲು ಮೊದಲ ವರ್ಷ ಜಮೀನಿನ ಕೆಳಮೂಲೆಯಲ್ಲಿ ಒಂದು ಗುಂಟೆಯಷ್ಟು ನರ್ಸರಿ ಮಾಡಿಕೊಂಡು ಬುಡಗಳನ್ನು ಬಿಡಿಸುತ್ತ ಹೋದರೆ ಎರಡನೆಯ ಮಳೆಗಾಲಕ್ಕೆ ಬೇಕಾದಷ್ಟು ಕೈಗೆ ಬರುತ್ತದೆ. ಸಾಲು ಸಂದಿಲ್ಲದಂತೆ ಕೂಡಿಕೊಳ್ಳಲು ಎರಡು ಮೂರು ಮಳೆಗಾಲ ಬೇಕು. ಈ ದಾರಿಯ ನಿಜವಾದ ಕೊರತೆ ಇದೇ. ಅಲ್ಲಿಯವರೆಗೆ ಒಂದೊಂದು ಸಂದೂ ನೀರಿಗೆ ಬಾಗಿಲು. ಜೂನ್-ಜುಲೈಯಲ್ಲಿ ಸತ್ತ ಸಸಿಯ ಜಾಗಕ್ಕೆ ಕೂಡಲೇ ಹೊಸದನ್ನು ನೆಡುವವರು ಬೇಕು. ತಿಂಗಳಿಗೊಮ್ಮೆ ಭಾನುವಾರ ಮಾತ್ರ ಕೋಥರೂಡಿನಿಂದಲೋ ಪಿಂಪ್ರಿಯಿಂದಲೋ ಬಂದು ಹೋಗುವವರು ಊರಿನವರೊಬ್ಬರನ್ನು ಇದಕ್ಕೆಂದು ಗೊತ್ತುಮಾಡಿಕೊಳ್ಳದಿದ್ದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನೆಲದಲ್ಲಿ ಉಂಡೆಗಲ್ಲು ಧಾರಾಳವಾಗಿದ್ದರೆ ಅವನ್ನೇ ಆಯ್ದು ಮೊಣಕಾಲೆತ್ತರದ ಕಲ್ಲುಸಾಲು ಹಾಕಿ, ಅದರ ಮೇಲ್ಬದಿಗೆ ಹುಲ್ಲು ನೆಡಬಹುದು. ಹುಲ್ಲು ಬಲಿಯುವವರೆಗೆ ಕಲ್ಲು ಕಾಯುತ್ತದೆ.

ಮಾವು, ಗೋಡಂಬಿ, ಹಲಸು, ನೇರಳೆಯಂಥ ಮರಗಳೇ ಗುರಿಯಾಗಿದ್ದರೆ ಇಡೀ ಗುಡ್ಡವನ್ನು ತಿದ್ದುವ ಪ್ರಶ್ನೆಯೇ ಏಳುವುದಿಲ್ಲ. ಪ್ರತಿ ಗಿಡದ ಸುತ್ತ ಒಳವಾಲಿನ ಒಂದು ಸಣ್ಣ ತಟ್ಟು, ಕೆಳಬದಿಗೆ ಅರ್ಧಚಂದ್ರದ ಆಕಾರದ ಏರಿ, ನಡುವಿನ ನೆಲಕ್ಕೆ ಹುಲ್ಲಿನ ಹೊದಿಕೆ ಇಷ್ಟು ಸಾಕು. ವರಕಸ ಎಂದು ಕರೆಯುವ ಇಲ್ಲಿನ ಇಳಿಜಾರು ನೆಲದಲ್ಲಿ ಹಿಂದಿನಿಂದ ನಾಚಣಿ ಮತ್ತು ವರಯಿ, ಎಂದರೆ ನಮ್ಮ ರಾಗಿ ಮತ್ತು ಸಾಮೆ, ಬೆಳೆಯುತ್ತ ಬಂದವರು ಆಗಾಗ ನೆಲವನ್ನು ಬೀಳುಬಿಡುತ್ತಿದ್ದರು. ಬೀಳುಬಿಡದೆ ವರ್ಷವರ್ಷವೂ ಉಳುವ ಉದ್ದೇಶವಿದ್ದರೆ ಮಾತ್ರ ಅಲ್ಲಿ ಹುಲ್ಲಿನ ಸಾಲು ಕಡ್ಡಾಯ.

ಎಲ್ಲಿ ಏನನ್ನೂ ಮಾಡಬಾರದು

2014ರ ಜುಲೈ 30ರಂದು ಪುಣೆ ಜಿಲ್ಲೆಯ ಅಂಬೇಗಾವ್ ತಾಲೂಕಿನ ಮಾಳೀಣದ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತರು. ಭತ್ತಕ್ಕಾಗಿ ಗುಡ್ಡವನ್ನು ಮಟ್ಟ ಮಾಡುವ ಪಡಕಯಿ ಕೆಲಸವೂ ಇದಕ್ಕೆ ಕಾರಣವೇ ಎಂಬ ವಾದವಿವಾದ ಆಗ ಜೋರಾಗಿ ನಡೆಯಿತು. ಪಡಕಯಿ ಅಲ್ಲಿನ ಆದಿವಾಸಿ ರೈತರ ಹಳೆಯ ಪದ್ಧತಿ. ಕೈಯಿಂದ ಸಣ್ಣಸಣ್ಣದಾಗಿ ಕಲ್ಲುಕಟ್ಟಿನೊಂದಿಗೆ ಮಾಡಿದ್ದನ್ನೂ ಯಂತ್ರದಿಂದ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನನಗನಿಸುತ್ತದೆ. ಆದರೂ ಜಮೀನಿನ ಕೆಳಗೆ ಮನೆಗಳಿದ್ದು, ಮಣ್ಣು ಆಳವಾಗಿದ್ದು, ಇಳಿಜಾರು ಶೇ. 33ನ್ನು ದಾಟಿದ್ದರೆ ಅಲ್ಲಿ ಮೆಟ್ಟಿಲನ್ನೂ ಕಡಿಯಬಾರದು, ನೀರಿಂಗಿಸುವ ಕಂದಕವನ್ನೂ ತೋಡಬಾರದು. ಎರಡೂ ನೀರನ್ನು ಗುಡ್ಡದೊಳಕ್ಕೆ ಇಳಿಸುತ್ತವೆ, ತೊಯ್ದ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡಿದ್ದರೆ ಆ ಭಾಗವನ್ನು ಮರಗಳಿಗೇ ಬಿಡಬೇಕು.

ಕಾನೂನಿನ ಕಡೆಯನ್ನೂ ಕೆಲಸಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಸಾತ್-ಬಾರಾ ಉತಾರೆಯಲ್ಲಿ, ಎಂದರೆ ನಮ್ಮ ಪಹಣಿಯಂಥ ಪತ್ರದಲ್ಲಿ, ಪೋಟ್ ಖರಾಬಾ (ಸಾಗುವಳಿಗೆ ಬಾರದ ನೆಲ) ಎಂದು ಎಷ್ಟು ಗುಂಟೆ ನಮೂದಾಗಿದೆ, ಖಾಸಗಿ ಅರಣ್ಯದ ಶೆರಾ (ಟಿಪ್ಪಣಿ) ಏನಾದರೂ ಇದೆಯೇ ಎಂದು ಓದಿ ತಿಳಿಯಬೇಕು. ಈ ತಾಲೂಕುಗಳ ಹಲವು ಗ್ರಾಮಗಳು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿವೆ. ಕಡಿದ ಮುರೂಮವನ್ನು ಜಮೀನಿನ ಹೊರಕ್ಕೆ ಸಾಗಿಸಿದರೆ ಅದು ಗೌಣ ಖನಿಜದ, ಎಂದರೆ ಉಪಖನಿಜದ, ಲೆಕ್ಕಕ್ಕೆ ಬರುತ್ತದೆ, ತಹಶೀಲ್ದಾರರ ಅನುಮತಿ ಬೇಕು.

ವರ್ಷವರ್ಷದ ಕೆಲಸ

ಹೋಲಿಸುವಾಗ ಜನ ಮಾಡುವ ಖರ್ಚಿನ ಲೆಕ್ಕ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಹುಲ್ಲಿನ ಸಾಲಿಗೆ ಬಲಿತ ಮೇಲೆ ವರ್ಷಕ್ಕೆ ಎರಡು ಸಲ ಕತ್ತರಿಸುವ ಕೆಲಸ, ಕತ್ತರಿಸಿದ್ದು ಗಿಡದ ಬುಡಕ್ಕೆ ಹೊದಿಕೆಯಾಗುತ್ತದೆ. ಕಂದಕದಲ್ಲಿ ಮಳೆಗಾಲ ಮಳೆಗಾಲಕ್ಕೂ ಹೂಳು ಕೂರುತ್ತದೆ. ಆಗಾಗ ತೆಗೆಯದಿದ್ದರೆ ಅದು ಬರೀ ಗೆರೆಯಾಗಿ ಉಳಿಯುತ್ತದೆ, ಗಿಡಗಳು ಬೇರು ಬಿಟ್ಟಿದ್ದರೆ ಹಾಗೆ ಉಳಿದರೂ ನಷ್ಟವಿಲ್ಲ. ಹೆಚ್ಚು ಆರೈಕೆ ಬೇಡುವುದು ಮೆಟ್ಟಿಲೇ. ಕಲ್ಲುಕಟ್ಟಿನ ಉಬ್ಬಿದ ಭಾಗವನ್ನು ಮೇ ತಿಂಗಳೊಳಗೆ ಬಿಚ್ಚಿ ಕಟ್ಟಬೇಕು, ಕೋಡಿಯ ಕಲ್ಲು ಸರಿದಿದ್ದರೆ ಕೂರಿಸಬೇಕು, ಮತ್ತು ಮೊದಲ ಮಳೆ ಬಿದ್ದ ವಾರದಲ್ಲೇ ಬದುವಿನ ಉದ್ದಕ್ಕೂ ನಡೆದು ಏಡಿ ತೋಡಿದ ಬಿಲಗಳನ್ನು ಹುಡುಕಿ ಜೇಡಿಮಣ್ಣು ಮೆತ್ತಿ ತುಳಿಯಬೇಕು; ಹೆಬ್ಬೆರಳು ಹೋಗುವಷ್ಟು ಬಿಲವೊಂದು ಮುಚ್ಚದೆ ಉಳಿದರೆ ಒಂದು ರಾತ್ರಿಯ ಮಳೆಗೆ ಆ ಬದು ಮಾತ್ರವಲ್ಲ, ಅದರ ಕೆಳಗಿನ ನಾಲ್ಕು ಬದುಗಳೂ ಹೋಗಿರುತ್ತವೆ.